ಕೇಸು ವರ್ಗಾವಣೆ ಅರ್ಜಿ ‘ವಜಾ’: ಅರ್ಜಿದಾರರು ಹಾಜರಾಗದಿದ್ದರೆ ನಿಜವಾಗಿ ಆಗುವುದೇನು?

‘ಹೈಕೋರ್ಟ್‌ನಲ್ಲಿ ಭಾರಿ ಮುಖಭಂಗ! ಕೇಸು ವರ್ಗಾವಣೆ ಅರ್ಜಿ ವಜಾ!’ ಹೀಗೊಂದು ಸಾಲು, ಕೆಳಗೆ ಆದೇಶದ ಒಂದು ಪುಟದ ಫೋಟೊ. ಊರಿನ ಜಗಳವೊಂದು ಕೋರ್ಟ್ ಮೆಟ್ಟಿಲೇರಿದರೆ ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುವುದು ಮಾಮೂಲು. ಓದಿದವರಲ್ಲಿ ಕೆಲವರು ‘ಅವರು ಹೇಳಿದ್ದೆಲ್ಲ ಸುಳ್ಳು ಅಂತ ಕೋರ್ಟೇ ಹೇಳಿತು’ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ‘ಕೇಸೇ ಮುಗಿದು ಹೋಯಿತು’ ಎಂದುಕೊಳ್ಳುತ್ತಾರೆ.

ಆ ಆದೇಶ ಅರ್ಜಿದಾರರು ಹಾಜರಾಗದ ಕಾರಣಕ್ಕೆ ಬಂದಿದ್ದರೆ ಈ ಎರಡು ತೀರ್ಮಾನಗಳೂ ತಪ್ಪು. ಗೈರುಹಾಜರಿಗಾಗಿ ಅರ್ಜಿ ವಜಾ ಆದಾಗ ಕೋರ್ಟ್ ಆರೋಪ ನಿಜ ಎಂದೂ ಹೇಳಿಲ್ಲ, ಸುಳ್ಳು ಎಂದೂ ಹೇಳಿಲ್ಲ. ಕೇಸಂತೂ ಮುಗಿದಿಲ್ಲ. ಅದು ಇದ್ದ ಕೋರ್ಟಿನಲ್ಲೇ ಮುಂದುವರಿಯುತ್ತದೆ. ಇಷ್ಟು ತಿಳಿಯದ ಕಾರಣಕ್ಕೆ ಮುಂದಿನ ವಾಯಿದೆ ತಪ್ಪಿಸಿಕೊಂಡು ವಾರಂಟ್ ಎದುರಿಸುವ ಸ್ಥಿತಿ ಬರಬಹುದು. ಹಾಗಾಗಿ ವಿಷಯವನ್ನು ಒಂದೊಂದಾಗಿ ನೋಡೋಣ.

ವರ್ಗಾವಣೆ ಅರ್ಜಿ ಎಂದರೇನು?

ಅಪರಾಧ ನಡೆದ ಸ್ಥಳ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಸಾಮಾನ್ಯವಾಗಿ ಅಲ್ಲೇ ಕ್ರಿಮಿನಲ್ ಕೇಸಿನ ವಿಚಾರಣೆ ನಡೆಯುತ್ತದೆ. ಆದರೆ ಅಲ್ಲಿ ತನಗೆ ನ್ಯಾಯ ಸಿಗುವುದಿಲ್ಲ ಎಂದು ದೂರುದಾರರಿಗೋ ಆರೋಪಿಗೋ ಅನ್ನಿಸಬಹುದು. ಸಾಕ್ಷಿಗಳಿಗೆ ಬೆದರಿಕೆ ಇರಬಹುದು. ಊರಿನಲ್ಲಿ ಎದುರು ಪಕ್ಷದವರ ಪ್ರಭಾವ ಜೋರಾಗಿದ್ದು ವಕೀಲರೇ ಸಿಗದಂತಾಗಿರಬಹುದು. ಆಗ ಕೇಸನ್ನು ಬೇರೆ ಕೋರ್ಟಿಗೆ ಕಳುಹಿಸಿ ಎಂದು ಮೇಲಿನ ಕೋರ್ಟನ್ನು ಕೇಳಬಹುದು. ಇದೇ ವರ್ಗಾವಣೆ ಅರ್ಜಿ.

ಯಾವ ಕೋರ್ಟಿಗೆ ಅರ್ಜಿ ಹಾಕಬೇಕು ಎಂಬುದು ಕೇಸು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ನಿಂತಿದೆ. ಒಂದೇ ಸೆಷನ್ಸ್ ವಿಭಾಗದೊಳಗೆ, ಅಂದರೆ ಬಹುತೇಕ ಒಂದೇ ಜಿಲ್ಲೆಯೊಳಗೆ, ಬೇರೆ ಕೋರ್ಟಿಗೆ ಹೋಗಬೇಕಿದ್ದರೆ ಮೊದಲು ಸೆಷನ್ಸ್ ನ್ಯಾಯಾಧೀಶರ ಬಳಿ ಕೇಳಬೇಕು. ಅವರು ತಿರಸ್ಕರಿಸಿದ ಮೇಲಷ್ಟೇ ಹೈಕೋರ್ಟಿಗೆ ಹೋಗಬಹುದು. ರಾಜ್ಯದೊಳಗೆ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗಾದರೆ ಹೈಕೋರ್ಟ್. ಕರ್ನಾಟಕದಲ್ಲಿ ನಿಮ್ಮ ಜಿಲ್ಲೆ ಯಾವುದು ಎಂಬುದನ್ನು ನೋಡಿ ಅರ್ಜಿ ಬೆಂಗಳೂರಿನ ಪ್ರಧಾನ ಪೀಠಕ್ಕೋ, ಧಾರವಾಡ ಅಥವಾ ಕಲಬುರಗಿ ಪೀಠಕ್ಕೋ ಹೋಗುತ್ತದೆ. ಒಂದು ಹೈಕೋರ್ಟಿನ ವ್ಯಾಪ್ತಿಯಿಂದ ಇನ್ನೊಂದು ಹೈಕೋರ್ಟಿನ ವ್ಯಾಪ್ತಿಗೆ, ಉದಾಹರಣೆಗೆ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಕೇಸು ಬರಬೇಕಿದ್ದರೆ, ಆ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಅಂದರೆ ಸಿಆರ್‌ಪಿಸಿಯಲ್ಲಿ, ಈ ಅಧಿಕಾರಗಳು 406, 407 ಮತ್ತು 408ನೇ ಕಲಂಗಳಲ್ಲಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವೇ 446, 447 ಮತ್ತು 448 ಆಗಿವೆ. ಆದೇಶದ ಪ್ರತಿಯಲ್ಲಿ ಈ ಸಂಖ್ಯೆ ಕಂಡರೆ ಅದು ವರ್ಗಾವಣೆಗೆ ಸಂಬಂಧಿಸಿದ್ದು ಎಂದು ಗುರುತಿಸಬಹುದು.

ಕೇಳಿದ ಮಾತ್ರಕ್ಕೆ ಸಿಗುವುದಿಲ್ಲ

ತಮಿಳುನಾಡಿನ ಮಾಜಿ ಮುಖ್ಯಮಂತ್ರಿ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿನಲ್ಲಿ ನಡೆದದ್ದು ಯಾಕೆ ಎಂದು ಯೋಚಿಸಿದ್ದೀರಾ? ಅದು ಚೆನ್ನೈನಲ್ಲಿ ನಡೆಯುತ್ತಿದ್ದ ಕೇಸು. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ, ಮೊದಲು ಹೇಳಿಕೆ ಕೊಟ್ಟಿದ್ದ ಸಾಕ್ಷಿಗಳನ್ನು ಮತ್ತೆ ಕರೆಸಲಾಯಿತು, ಅನೇಕರು ತಮ್ಮ ಮಾತು ಬದಲಿಸಿದರು. ಇದನ್ನು ಮುಂದಿಟ್ಟುಕೊಂಡು ಡಿಎಂಕೆಯ ಪ್ರಧಾನ ಕಾರ್ಯದರ್ಶಿ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಕೇಸನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಪರಪ್ಪನ ಅಗ್ರಹಾರದಲ್ಲಿ 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು ಈ ವರ್ಗಾವಣೆಯಿಂದಾಗಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಮುಂಬೈಯಲ್ಲಿ ತಮ್ಮ ವಿರುದ್ಧ ಹೂಡಿದ್ದ ಮಾನನಷ್ಟ ಕೇಸನ್ನು ದೆಹಲಿಗೆ ವರ್ಗಾಯಿಸಿ ಎಂದು ಮೇನಕಾ ಗಾಂಧಿ ಕೇಳಿದ್ದರು. 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಓಡಾಟದ ಅನುಕೂಲ, ವಕೀಲರು ಸುಲಭವಾಗಿ ಸಿಗುವುದು, ಅತಿಸೂಕ್ಷ್ಮ ಮನಸ್ಸಿನ ಆತಂಕ ಇವಷ್ಟೇ ಸಾಲದು, ನ್ಯಾಯಯುತ ವಿಚಾರಣೆಗೆ ಧಕ್ಕೆ ಬರುವಂಥ ಗಟ್ಟಿ ಕಾರಣ ಬೇಕು ಎಂಬುದು ಆ ತೀರ್ಪಿನ ಸಾರ.

ಈ ಎರಡೂ ಪ್ರಕರಣಗಳಲ್ಲಿ ಒಂದು ಸಮಾನ ಅಂಶವಿದೆ. ಎರಡರಲ್ಲೂ ಅರ್ಜಿದಾರರ ಪರ ವಾದ ನಡೆಯಿತು, ಕೋರ್ಟ್ ಕಾರಣಗಳನ್ನು ತೂಗಿ ನೋಡಿತು, ಆಮೇಲೆ ತೀರ್ಮಾನ ಹೇಳಿತು. ಮೇನಕಾ ಗಾಂಧಿ ಅವರ ಅರ್ಜಿ ವಜಾ ಆದದ್ದು ‘ಅರ್ಹತೆಯ ಮೇಲೆ’, ಅಂದರೆ ಕಾರಣಗಳನ್ನು ಪರಿಶೀಲಿಸಿದ ನಂತರ. ಗೈರುಹಾಜರಿಗಾಗಿ ವಜಾ ಆಗುವುದು ಬೇರೆಯದೇ ವಿಚಾರ.

ಯಾರೂ ಬಾರದಿದ್ದರೆ ಕೋರ್ಟ್ ಏನು ಮಾಡುತ್ತದೆ?

ಮೊದಲಿಗೆ ‘ಹಾಜರಾಗುವುದು’ ಎಂದರೇನು ಎಂದು ತಿಳಿಯೋಣ. ವರ್ಗಾವಣೆ ಅರ್ಜಿಯಲ್ಲಿ ಸಾಮಾನ್ಯವಾಗಿ ಅರ್ಜಿದಾರರೇ ಬಂದು ನಿಲ್ಲಬೇಕಿಲ್ಲ. ವಕಾಲತ್ತು ಹಾಕಿದ ವಕೀಲರು ಬಂದರೆ ಸಾಕು. ವಕೀಲರಿಲ್ಲದೆ ಸ್ವತಃ ವಾದಿಸುವವರು ಮಾತ್ರ ತಾವೇ ಹಾಜರಿರಬೇಕು. ಆದ್ದರಿಂದ ‘ಅರ್ಜಿದಾರರು ಗೈರು’ ಎಂದು ಆದೇಶದಲ್ಲಿ ಬರೆದಿದ್ದರೆ, ಕೇಸು ಕೂಗಿದಾಗ ಅವರೂ ಇರಲಿಲ್ಲ, ಅವರ ವಕೀಲರೂ ಇರಲಿಲ್ಲ ಎಂದರ್ಥ.

ವರ್ಗಾವಣೆಯ ಕಲಂಗಳಲ್ಲಿ ‘ಗೈರಾದರೆ ವಜಾ ಮಾಡಬೇಕು’ ಎಂದು ಎಲ್ಲೂ ಬರೆದಿಲ್ಲ. ಹಾಗಾದರೆ ಕೋರ್ಟ್ ವಜಾ ಮಾಡುವುದು ಹೇಗೆ? ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲ ಎಂಬುದನ್ನು ಮೇಲಿನ ಕೋರ್ಟಿಗೆ ಮನವರಿಕೆ ಮಾಡಿಕೊಡುವ ಹೊಣೆ ಕಾನೂನಿನ ಪ್ರಕಾರ ಕೇಳಿದವರದ್ದೇ. ಅವರೇ ಬಂದು ಹೇಳದಿದ್ದರೆ ಅರ್ಜಿಯನ್ನು ನಡೆಸುವ ಆಸಕ್ತಿ ಅವರಿಗಿಲ್ಲ ಎಂದು ಕೋರ್ಟ್ ಭಾವಿಸುತ್ತದೆ.

ನ್ಯಾಯಾಧೀಶರ ಮುಂದೆ ಆಗ ಮೂರು ದಾರಿಗಳಿರುತ್ತವೆ. ಇನ್ನೊಂದು ದಿನಾಂಕ ಕೊಡಬಹುದು. ಕಡತದಲ್ಲಿರುವ ಕಾಗದಪತ್ರ ನೋಡಿ ಅರ್ಹತೆಯ ಮೇಲೆ ತೀರ್ಮಾನಿಸಬಹುದು. ಅಥವಾ ‘ಅರ್ಜಿ ನಡೆಸದ ಕಾರಣ ವಜಾ’ ಎಂದು ಬರೆಸಬಹುದು. ಒಂದೆರಡು ಸಲ ಮುಂದೂಡಿ, ‘ಕೊನೆಯ ಅವಕಾಶ’ ಎಂದು ಬರೆಸಿ, ಆಮೇಲೆ ವಜಾ ಮಾಡುವುದು ಕೋರ್ಟುಗಳಲ್ಲಿ ಕಾಣಸಿಗುವ ಕ್ರಮ. ಆದರೆ ಮುಂದೂಡಿಕೆ ಯಾರ ಹಕ್ಕೂ ಅಲ್ಲ. ಕಚೇರಿ ಎತ್ತಿದ ಆಕ್ಷೇಪಣೆಗಳನ್ನು ಸರಿಪಡಿಸದಿದ್ದರೆ, ಎದುರು ಪಕ್ಷಕ್ಕೆ ನೋಟಿಸ್ ಕಳುಹಿಸುವ ಶುಲ್ಕ ಕಟ್ಟದಿದ್ದರೆ ಕೂಡ ಅರ್ಜಿ ಹೀಗೇ ವಜಾ ಆಗಬಹುದು.

‘ಕ್ರಿಮಿನಲ್ ಕೇಸನ್ನು ಗೈರಿಗಾಗಿ ವಜಾ ಮಾಡುವಂತಿಲ್ಲ’ ಎಂದು ಕೇಳಿದ್ದೆವಲ್ಲ?

ಇದು ಅರ್ಧ ಸತ್ಯ. ಆ ಮಾತು ಕ್ರಿಮಿನಲ್ ಮೇಲ್ಮನವಿಗೆ ಸಂಬಂಧಿಸಿದ್ದು. ವಿಚಾರಣೆಗೆ ಅಂಗೀಕಾರವಾದ ಮೇಲ್ಮನವಿಯನ್ನು, ಮೇಲ್ಮನವಿದಾರರಾಗಲಿ ವಕೀಲರಾಗಲಿ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ವಜಾ ಮಾಡುವಂತಿಲ್ಲ, ದಾಖಲೆ ನೋಡಿ ಅರ್ಹತೆಯ ಮೇಲೆಯೇ ತೀರ್ಮಾನಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮೇಲ್ಮನವಿದಾರ ಜೈಲಿನಲ್ಲಿದ್ದು ವಕೀಲರು ಬಾರದಿದ್ದರೆ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ನೇಮಿಸಬಹುದು ಎಂದೂ ಹೇಳಿತು. 2013ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಎತ್ತಿಹಿಡಿಯಿತು. ವಕೀಲರು ಬಾರದಿದ್ದಾಗ ಹೈಕೋರ್ಟ್ ಮುಂದೂಡಲೇಬೇಕೆಂದಿಲ್ಲ, ದಾಖಲೆ ಪರಿಶೀಲಿಸಿ ತೀರ್ಪು ಕೊಡಬಹುದು ಎಂದಿತು.

ಮೇಲ್ಮನವಿಗೂ ವರ್ಗಾವಣೆ ಅರ್ಜಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಮೇಲ್ಮನವಿಯಲ್ಲಿ ಒಬ್ಬರ ಶಿಕ್ಷೆ, ಸ್ವಾತಂತ್ರ್ಯ ಪಣಕ್ಕಿರುತ್ತದೆ. ಕೆಳಗಿನ ಕೋರ್ಟಿನ ಪೂರ್ತಿ ದಾಖಲೆ ನ್ಯಾಯಾಧೀಶರ ಮುಂದೆ ಇರುತ್ತದೆ. ಅದನ್ನು ಓದಿ ತೀರ್ಮಾನಿಸಬೇಕು ಎಂದು ಕಾನೂನೇ ಹೇಳುತ್ತದೆ. ವರ್ಗಾವಣೆ ಅರ್ಜಿಯಲ್ಲಿ ಮುಖ್ಯವಾಗಿ ಇರುವುದು ಅರ್ಜಿದಾರರ ಪ್ರಮಾಣಪತ್ರ. ಅದನ್ನು ವಿವರಿಸಿ ಸಮರ್ಥಿಸುವವರೇ ಇಲ್ಲದಿದ್ದರೆ ಕೋರ್ಟಿನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಮೇಲಾಗಿ, ವರ್ಗಾವಣೆ ಸಿಗದಿದ್ದರೂ ವಿಚಾರಣೆಯ ಹಕ್ಕು ಹೋಗುವುದಿಲ್ಲ. ವಿಚಾರಣೆ ನಡೆಯುವ ಜಾಗ ಬದಲಾಗುವುದಿಲ್ಲ, ಅಷ್ಟೇ.

ಹೆಚ್ಚು ಹರಿದಾಡುವ 4 ತಪ್ಪು ಕಲ್ಪನೆಗಳು

ತಪ್ಪು ಕಲ್ಪನೆ 1: ಅರ್ಜಿ ವಜಾ ಆಯಿತೆಂದರೆ ಆರೋಪ ಸುಳ್ಳೆಂದು ಸಾಬೀತಾಯಿತು.
ನಿಜ: ಗೈರಿಗಾಗಿ ವಜಾ ಆದಾಗ ಕೋರ್ಟ್ ಆರೋಪದ ಒಳಗೇ ಹೋಗಿರುವುದಿಲ್ಲ. ಬೆದರಿಕೆ ಇತ್ತೋ ಇಲ್ಲವೋ, ಪಕ್ಷಪಾತ ನಡೆಯಿತೋ ಇಲ್ಲವೋ ಎಂಬುದರ ಬಗ್ಗೆ ಆ ಆದೇಶ ಏನನ್ನೂ ಹೇಳುವುದಿಲ್ಲ. ಮುಖ್ಯ ಕೇಸಿನಲ್ಲಿ ಯಾರು ತಪ್ಪಿತಸ್ಥರು ಎಂಬ ಪ್ರಶ್ನೆಯಂತೂ ಈ ಅರ್ಜಿಯಲ್ಲಿ ಬರುವುದೇ ಇಲ್ಲ.

ತಪ್ಪು ಕಲ್ಪನೆ 2: ವರ್ಗಾವಣೆ ಅರ್ಜಿ ಹಾಕಿದರೆ ಕೆಳಗಿನ ಕೋರ್ಟಿನ ವಿಚಾರಣೆ ತಾನಾಗಿಯೇ ನಿಲ್ಲುತ್ತದೆ.
ನಿಜ: ಇಲ್ಲ. ಮೇಲಿನ ಕೋರ್ಟ್ ಪ್ರತ್ಯೇಕವಾಗಿ ತಡೆಯಾಜ್ಞೆ ಕೊಟ್ಟರೆ ಮಾತ್ರ ನಿಲ್ಲುತ್ತದೆ. ತಡೆಯಾಜ್ಞೆ ಇದ್ದರೂ ಆರೋಪಿಯನ್ನು ನ್ಯಾಯಾಂಗ ಬಂಧನದಲ್ಲಿ ಮುಂದುವರಿಸುವ ಕೆಳಗಿನ ಕೋರ್ಟಿನ ಅಧಿಕಾರಕ್ಕೆ ತೊಂದರೆಯಿಲ್ಲ ಎಂದು ಹೈಕೋರ್ಟಿಗೆ ಸಂಬಂಧಿಸಿದ ಕಲಂ ಸ್ಪಷ್ಟವಾಗಿ ಹೇಳುತ್ತದೆ. ವರ್ಗಾವಣೆ ಅರ್ಜಿ ವಜಾ ಆದರೆ ಆ ಅರ್ಜಿಯಲ್ಲಿ ಸಿಕ್ಕಿದ್ದ ಮಧ್ಯಂತರ ತಡೆಯಾಜ್ಞೆಯೂ ಅದರೊಂದಿಗೇ ಕೊನೆಯಾಗುತ್ತದೆ.

ತಪ್ಪು ಕಲ್ಪನೆ 3: ಗೈರಾದರೆ ತಪ್ಪದೆ ದಂಡ ಬೀಳುತ್ತದೆ.
ನಿಜ: ಅರ್ಜಿ ಹುರುಳಿಲ್ಲದ್ದು ಅಥವಾ ಎದುರಿನವರಿಗೆ ಕಿರುಕುಳ ಕೊಡಲೆಂದೇ ಹಾಕಿದ್ದು ಎಂದು ಕೋರ್ಟಿಗೆ ಅನ್ನಿಸಿದರೆ, ಅದನ್ನು ವಿರೋಧಿಸಿದವರಿಗೆ ಪರಿಹಾರ ಕೊಡಿ ಎಂದು ಆದೇಶಿಸಬಹುದು. ಗೈರಾಗುವುದೊಂದೇ ಅದಕ್ಕೆ ಕಾರಣವಾಗದು. ಹಳೆಯ ಕಾನೂನಿನಲ್ಲಿ ಈ ಪರಿಹಾರಕ್ಕೆ 1,000 ರೂಪಾಯಿಯ ಮಿತಿ ಇತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಸೂಕ್ತ ಕಂಡಷ್ಟು ಮೊತ್ತ ವಿಧಿಸಬಹುದು. ಹಾಗಾಗಿ ‘ಸುಮ್ಮನೆ ಒಂದು ಅರ್ಜಿ ಹಾಕಿ ಕೇಸು ಎಳೆಯೋಣ’ ಎಂಬ ಸಲಹೆ ಈಗ ಮೊದಲಿಗಿಂತ ದುಬಾರಿ.

ತಪ್ಪು ಕಲ್ಪನೆ 4: ಒಮ್ಮೆ ವಜಾ ಆದರೆ ಮತ್ತೆ ದಾರಿಯೇ ಇಲ್ಲ.
ನಿಜ: ದಾರಿ ಇದೆ. ಆದರೆ ಬೇಗ ಹೊರಡಬೇಕು. ಇದನ್ನು ಮುಂದೆ ವಿವರವಾಗಿ ನೋಡೋಣ.

ಒಂದು ಉದಾಹರಣೆ

ಇದು ವಿಷಯ ಅರ್ಥವಾಗಲೆಂದು ಕಟ್ಟಿದ ಕಥೆ. ಹುಬ್ಬಳ್ಳಿಯ ತವರಿನಲ್ಲಿರುವ ಒಬ್ಬ ಮಹಿಳೆ. ಗಂಡನ ಮನೆಯವರು ಮಹಾರಾಷ್ಟ್ರದ ಕೋರ್ಟೊಂದರಲ್ಲಿ ಆಕೆಯ ಮೇಲೂ ಆಕೆಯ ಅಣ್ಣನ ಮೇಲೂ ಕ್ರಿಮಿನಲ್ ದೂರು ಹಾಕಿದ್ದಾರೆ. ಹಿಂದಿನ ವಾಯಿದೆಗೆ ಹೋದಾಗ ಕೋರ್ಟ್ ಆವರಣದಲ್ಲೇ ಬೆದರಿಕೆ ಹಾಕಿದ್ದಾರೆ. ಆಕೆ ಸುಪ್ರೀಂ ಕೋರ್ಟಿನಲ್ಲಿ ವರ್ಗಾವಣೆ ಅರ್ಜಿ ಹಾಕುತ್ತಾಳೆ. ‘ಅರ್ಜಿ ಹಾಕಿದ್ದೀವಲ್ಲ, ಇನ್ನು ಅಲ್ಲಿಗೆ ಹೋಗೋದು ಬೇಡ’ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಆಕೆ ನಂಬುತ್ತಾಳೆ.

ಇತ್ತ ಆಕೆಯ ಫೋನ್ ನಂಬರ್ ಬದಲಾಗಿದೆ. ಅದು ದೆಹಲಿಯ ವಕೀಲರಿಗೆ ಗೊತ್ತಿಲ್ಲ. ಕೇಳಿದ ದಾಖಲೆ ಅವರ ಕೈಸೇರಿಲ್ಲ. ಅರ್ಜಿ ಪಟ್ಟಿಗೆ ಬಂದ ದಿನ ಅವರೂ ಹಾಜರಾಗಲಿಲ್ಲ. ಅರ್ಜಿ ವಜಾ. ಅತ್ತ ಮಹಾರಾಷ್ಟ್ರದ ಕೋರ್ಟಿನಲ್ಲಿ ಆಕೆಯೂ ಅಣ್ಣನೂ ಸತತವಾಗಿ ಗೈರಾದ ಕಾರಣ ಜಾಮೀನುರಹಿತ ವಾರಂಟ್ ಹೊರಡುತ್ತದೆ. ಒಂದು ದಿನ ಪೊಲೀಸರು ಅಣ್ಣನ ಅಂಗಡಿಯ ಮುಂದೆ ನಿಂತಿರುತ್ತಾರೆ.

ಇಲ್ಲಿ ಆಕೆಯ ಭಯ ನಿಜವಾದದ್ದೇ. ಅರ್ಜಿಗೆ ಕಾರಣವೂ ಇತ್ತು. ಆದರೆ ಆ ಕಾರಣ ಯಾವ ನ್ಯಾಯಾಧೀಶರ ಕಿವಿಗೂ ಬೀಳಲಿಲ್ಲ. ಕೆಳಗಿನ ಕೋರ್ಟಿಗೆ ಹಾಜರಾಗುವುದು ಕಷ್ಟವಾಗಿದ್ದರೆ ಅಲ್ಲಿನ ವಕೀಲರ ಮೂಲಕ ಹಾಜರಾತಿಗೆ ವಿನಾಯಿತಿ ಕೇಳಬಹುದಿತ್ತು. ಮೇಲಿನ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದಿತ್ತು. ಅರ್ಜಿ ಹಾಕಿ ಸುಮ್ಮನೆ ಕುಳಿತದ್ದರಿಂದ ಎರಡೂ ಕಡೆ ನಷ್ಟವಾಯಿತು.

ವಜಾ ಆಗಿಬಿಟ್ಟಿದೆ. ಈಗೇನು ಮಾಡುವುದು?

ಮೊದಲ ಕೆಲಸ, ಕೆಳಗಿನ ಕೋರ್ಟಿನ ಮುಂದಿನ ದಿನಾಂಕ ತಿಳಿದುಕೊಂಡು ಅಲ್ಲಿ ಹಾಜರಾಗುವುದು ಅಥವಾ ವಕೀಲರ ಮೂಲಕ ವಿನಾಯಿತಿ ಅರ್ಜಿ ಹಾಕುವುದು. ವಾರಂಟ್ ಹೊರಟಿದ್ದರೆ ಅದನ್ನು ಹಿಂಪಡೆಯಲು ಅಲ್ಲೇ ಕೇಳಿಕೊಳ್ಳಬೇಕು. ವರ್ಗಾವಣೆಯ ಪ್ರಶ್ನೆ ಇದಾದ ಮೇಲೆ.

ಎರಡನೆಯದು, ವಜಾ ಆದೇಶದ ಪ್ರತಿ ಪಡೆದು ಅದರ ಕಾರಣ ಓದುವುದು. ಅರ್ಹತೆಯ ಮೇಲೆ ವಜಾ ಆಗಿದ್ದರೆ ಅದೇ ಕೋರ್ಟ್ ಅದನ್ನು ಬದಲಿಸುವುದು ಬಹಳ ಕಷ್ಟ. ಸಹಿಯಾದ ಆದೇಶವನ್ನು ಬರವಣಿಗೆಯ ತಪ್ಪು ತಿದ್ದುವುದಕ್ಕಲ್ಲದೆ ಬದಲಿಸುವಂತಿಲ್ಲ ಎಂದು ಹಳೆಯ ಸಂಹಿತೆಯ 362ನೇ ಕಲಂ ಹೇಳುತ್ತಿತ್ತು. ಹೊಸದರಲ್ಲಿ ಅದು 403. ಆದರೆ ಗೈರಿಗಾಗಿ ಆದ ಆದೇಶವನ್ನು ಹಿಂಪಡೆಯುವುದು ಬೇರೆ ಮಾತು. ಪಟ್ಟಿಯಲ್ಲಿ ಕೇಸು ಇದ್ದದ್ದನ್ನು ವಕೀಲರು ಗಮನಿಸದೆ ಹೋದದ್ದರಿಂದ, ಒಂದು ಕಡೆಯವರ ಮಾತು ಕೇಳದೆ ಆದೇಶವಾಗಿದ್ದ ಉತ್ತರ ಪ್ರದೇಶದ ಪ್ರಕರಣವೊಂದು 2011ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಆ ಆದೇಶವನ್ನು ಹೈಕೋರ್ಟ್ ಹಿಂಪಡೆದದ್ದು ಸರಿ, 362ನೇ ಕಲಂ ಅನ್ನು ನ್ಯಾಯಕ್ಕೇ ಅಡ್ಡಿಯಾಗುವಷ್ಟು ಬಿಗಿಯಾಗಿ ಓದಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಹೀಗಾಗಿ ಅರ್ಜಿಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು ಮರುಸ್ಥಾಪನೆ ಅರ್ಜಿ ಹಾಕಬಹುದು. ಯಾಕೆ ಬರಲಾಗಲಿಲ್ಲ ಎಂಬುದನ್ನು ಪ್ರಮಾಣಪತ್ರದಲ್ಲಿ ನೇರವಾಗಿ ಬರೆದು, ಆಸ್ಪತ್ರೆಯ ಕಾಗದದಂಥ ದಾಖಲೆ ಇದ್ದರೆ ಲಗತ್ತಿಸಬೇಕು. ಗೈರಾದದ್ದು ಸೆಷನ್ಸ್ ಕೋರ್ಟಿನಲ್ಲಾಗಿದ್ದರೆ ಹೈಕೋರ್ಟಿನತ್ತ ನೋಡಬೇಕಾಗಬಹುದು. ಅಲ್ಲಿ ಯಾಕೆ ಹಾಜರಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಹೊಸದಾಗಿ ಇನ್ನೊಂದು ವರ್ಗಾವಣೆ ಅರ್ಜಿ ಹಾಕುವುದಾದರೆ ಹಿಂದಿನದು ಗೈರಿಗಾಗಿ ವಜಾ ಆಗಿದೆ ಎಂಬುದನ್ನು ಮುಚ್ಚಿಡಬಾರದು. ಮುಚ್ಚಿಟ್ಟದ್ದು ಗೊತ್ತಾದರೆ ಇರುವ ಒಳ್ಳೆಯ ಕಾರಣಕ್ಕೂ ಬೆಲೆ ಇಲ್ಲದಂತಾಗುತ್ತದೆ.

ವಜಾ ಆಗದಂತೆ ನೋಡಿಕೊಳ್ಳುವುದು ಹೇಗೆ?

• ಕೇಸಿನ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಕ್ಷರ ಮತ್ತು ಅಂಕಿ ಸೇರಿ ಅದರಲ್ಲಿ 16 ಸ್ಥಾನಗಳಿರುತ್ತವೆ. ‘ಇ-ಕೋರ್ಟ್ಸ್ ಸರ್ವಿಸಸ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಜಿಲ್ಲಾ ಕೋರ್ಟ್ ಮತ್ತು ಹೈಕೋರ್ಟ್ ಕೇಸುಗಳ ಮುಂದಿನ ದಿನಾಂಕ ಉಚಿತವಾಗಿ ಕಾಣುತ್ತದೆ. ಸುಪ್ರೀಂ ಕೋರ್ಟಿನ ಮಾಹಿತಿ ಅದರದೇ ವೆಬ್‌ಸೈಟಿನಲ್ಲಿ ಸಿಗುತ್ತದೆ.
• ವರ್ಗಾವಣೆ ಅರ್ಜಿ ಮತ್ತು ಮೂಲ ಕೇಸು, ಎರಡರ ದಿನಾಂಕವನ್ನೂ ಬೇರೆ ಬೇರೆಯಾಗಿ ಗಮನಿಸಿ.
• ಫೋನ್ ನಂಬರ್ ಅಥವಾ ವಿಳಾಸ ಬದಲಾದ ದಿನವೇ ವಕೀಲರಿಗೆ ತಿಳಿಸಿ.
• ವಿಚಾರಣೆಯ ಹಿಂದಿನ ಸಂಜೆ ವಕೀಲರಿಗೆ ಒಂದು ಕರೆ ಮಾಡಿ. ಅವರಿಗೆ ಬರಲಾಗದಿದ್ದರೆ ಬೇರೆ ವಕೀಲರನ್ನು ಕಳುಹಿಸಲು ಕೇಳಿ.
• ನಿಮಗೆ ವರ್ಗಾವಣೆಯೇ ಬೇಡ ಅನ್ನಿಸಿದರೆ ಗೈರಾಗಬೇಡಿ. ಅರ್ಜಿಯನ್ನು ಹಿಂಪಡೆಯುತ್ತೇವೆ ಎಂದು ವಕೀಲರ ಮೂಲಕ ಹೇಳಿಸಿ.
• ವಕೀಲರ ಶುಲ್ಕ ಕೊಡಲು ಶಕ್ತಿಯಿಲ್ಲವೇ? ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯ ಇರುವವರು ಮುಂತಾದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿದೆ. ಸಹಾಯವಾಣಿ 15100. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಟ್ಟದಲ್ಲೂ ಸಮಿತಿಗಳಿವೆ.

ಫಾರ್ವರ್ಡ್ ಮಾಡುವ ಮುನ್ನ

‘ಅರ್ಜಿ ವಜಾ’ ಎಂಬ ಸಂದೇಶ ಬಂದರೆ ಮೂರು ವಿಷಯ ನೋಡಿ. ಒಂದು, ವಜಾ ಆದದ್ದು ಯಾವುದು? ವರ್ಗಾವಣೆ ಅರ್ಜಿಯೋ, ಜಾಮೀನು ಅರ್ಜಿಯೋ, ಮುಖ್ಯ ಕೇಸೋ? ಎರಡು, ಯಾಕೆ ವಜಾ ಆಯಿತು? ‘ಅರ್ಜಿದಾರರ ಪರ ಯಾರೂ ಹಾಜರಿಲ್ಲ’, ‘ಅರ್ಜಿ ನಡೆಸದ ಕಾರಣ’ ಎಂಬ ಅರ್ಥದ ಮಾತಿದ್ದರೆ ಅದು ಗೈರಿನ ಆದೇಶ. ಅದರಲ್ಲಿ ಯಾರ ಗೆಲುವೂ ಇಲ್ಲ, ಯಾರ ಸೋಲೂ ಇಲ್ಲ. ಮೂರು, ಫೋಟೊದಲ್ಲಿ ಇರುವುದು ಪೂರ್ತಿ ಆದೇಶವೋ, ಬೇಕಾದಷ್ಟೇ ಕತ್ತರಿಸಿದ ತುಣುಕೋ? ಕೊನೆಯ ಸಾಲೊಂದನ್ನೇ ತೋರಿಸಿ ಕಾರಣ ಇರುವ ಸಾಲನ್ನು ಬಿಟ್ಟಿದ್ದರೆ ಅನುಮಾನಿಸಲೇಬೇಕು.

ಆ ಸಂದೇಶದಲ್ಲಿ ನಿಜವಾದ ಜನರ ಹೆಸರಿರುತ್ತದೆ, ಕೆಲವೊಮ್ಮೆ ದೂರು ಕೊಟ್ಟ ಹೆಣ್ಣುಮಗಳ ಹೆಸರೂ ಇರುತ್ತದೆ. ಬಸ್ ತಪ್ಪಿಯೋ, ಜ್ವರ ಬಂದೋ, ವಕೀಲರಿಗೆ ಶುಲ್ಕ ಕೊಡಲಾಗದೆಯೋ ಆಕೆ ಅಂದು ಕೋರ್ಟಿಗೆ ಬಾರದೆ ಇದ್ದಿರಬಹುದು. ಕೋರ್ಟ್ ಆಕೆಯನ್ನು ಸುಳ್ಳುಗಾರ್ತಿ ಎಂದಿಲ್ಲ. ಆದೇಶದಲ್ಲಿ ಇಲ್ಲದ ಮಾತನ್ನು ನಾವು ಊರೆಲ್ಲ ಹಂಚುವುದು ಬೇಡ.